ಸಿಪಿ, ಸಿಪಿಕೆ, ಪಿಪಿಕೆ: ಶಾಫ್ಟ್ ಲಾಟ್ ವಾಪಸ್ ಬಂದಿದೆ, ಯಾವ ನಂಬರ್ ಕೊಡಬೇಕಿತ್ತು?

ಕೂಡ್ಲೂರು ಲೇತ್

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಎರಡು ಸಿಎನ್‌ಸಿ ಲೇತ್, ಒಂದು ಹಳೇ ಮಿಲ್ಲಿಂಗ್ ಮಷಿನ್, ಐದು ಜನ. ಮೊದಲೆಲ್ಲ ಕಾಫಿ ಪಲ್ಪರ್, ಹಲ್ಲರ್‌ಗಳ ರಿಪೇರಿ ಕೆಲಸವೇ ಜಾಸ್ತಿ. ಎರಡು ವರ್ಷದಿಂದ ಮೈಸೂರಿನ ಒಬ್ಬ ಗ್ರಾಹಕರಿಗೆ ಶಾಫ್ಟ್ ಮಾಡಿಕೊಡುತ್ತಿದ್ದೇವೆ.

ಡ್ರಾಯಿಂಗ್‌ನಲ್ಲಿ ವ್ಯಾಸ 25 ಮಿಮೀ, ಸಣ್ಣ ಎಚ್8 (ಅಳತೆ ಎಷ್ಟು ಕಮ್ಮಿಯಾಗಬಹುದು ಅಂತ ಹೇಳುವ ಗುರುತು). ಅಂದರೆ ಮೇಲಿನ ಮಿತಿ 25.000, ಕೆಳಗಿನ ಮಿತಿ 24.967. ಆಡೋಕೆ ಇರೋದು 33 ಮೈಕ್ರಾನ್. ಆರ್ಡರ್ ಕಾಗದದಲ್ಲಿ ‘ಪ್ರೋಸೆಸ್ ಕೆಪಬಿಲಿಟಿ ಕನಿಷ್ಠ 1.33’ ಅಂತ ಒಂದೇ ಸಾಲು. ಮಿತಿಯೊಳಗೇ ಪೀಸ್ ಮಾಡುವ ಸಾಮರ್ಥ್ಯವನ್ನು ಅಳೆಯುವ ನಂಬರ್ ಅದು. ಸಿಪಿ, ಸಿಪಿಕೆ, ಪಿಪಿಕೆ ಅಂತ ಹಲವು ಇಂಡೆಕ್ಸ್ ಇವೆ, ಯಾವುದು ಅಂತ ಬರೆದಿಲ್ಲ.

ನಾವು ಒಂದು ಮಧ್ಯಾಹ್ನ ಒಂದೇ ಸಮನೆ 30 ಶಾಫ್ಟ್ ಹೊಡೆದು, ಅಳೆದು, ಸಿಪಿ ಲೆಕ್ಕ ಹಾಕಿದೆವು. 1.9 ಬಂತು. ಖುಷಿಯಾಗಿ ಅದನ್ನೇ ಕಳಿಸಿದೆವು. ಈಗ 2000 ಶಾಫ್ಟ್‌ನ ಲಾಟ್‌ನಲ್ಲಿ 3 ದಪ್ಪ ಬಂದಿವೆ ಅಂತ ಇಡೀ ಲಾಟ್ ವಾಪಸ್. ಹೋಗಿ ಬರುವ ಗಾಡಿ ಬಾಡಿಗೆಯೂ ನಮ್ಮ ತಲೆಗೆ. ‘ನಿಮ್ಮ 1.9 ಸುಳ್ಳು’ ಅಂದರು. ಸುಳ್ಳು ಹೇಳಿಲ್ಲ ಮಾರಾಯ್ರೆ, ಲೆಕ್ಕ ಮೂರು ಸಲ ನೋಡಿದ್ದೇನೆ. ಹಾಗಾದರೆ ಯಾವ ಇಂಡೆಕ್ಸ್ ಕೊಡಬೇಕಿತ್ತು?

ನಿವೃತ್ತ ಕ್ಯೂಸಿ, ಮಡಿಕೇರಿ

ಸುಳ್ಳಲ್ಲ. ಆದರೆ ನೀವು ಉತ್ತರ ಕೊಟ್ಟ ಪ್ರಶ್ನೆಯೇ ಬೇರೆ.

ಟಾಲರೆನ್ಸ್ ಅಂದರೆ ಎರಡು ಮಿತಿಗಳ ನಡುವಿನ ಜಾಗ, ಸಿಗ್ಮಾ ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ (ಸ್ಟ್ಯಾಂಡರ್ಡ್ ಡೀವಿಯೇಷನ್). ಸಿಪಿ ಅಂದರೆ ಟಾಲರೆನ್ಸ್‌ನ ಅಗಲವನ್ನು ನಿಮ್ಮ ಹರಡಿಕೆಯ ಅಗಲದಿಂದ, ಅಂದರೆ 6 ಸಿಗ್ಮಾದಿಂದ, ಭಾಗಿಸಿದ್ದು. ಅಷ್ಟೇ. ನಿಮ್ಮ ಸರಾಸರಿ ಎಲ್ಲಿ ಕೂತಿದೆ ಅಂತ ಅದು ಕೇಳುವುದೇ ಇಲ್ಲ. ಗೇಟು ಹತ್ತು ಅಡಿ, ಜೀಪು ಆರು ಅಡಿ, ಹಾಗಾಗಿ ಜೀಪು ಹೋಗುತ್ತದೆ ಅಂದಂತೆ. ಡ್ರೈವರ್ ಗೇಟಿನ ಕಂಬಕ್ಕೇ ಗುರಿ ಇಟ್ಟು ಬರುತ್ತಿದ್ದರೆ? ಸಿಪಿಗೆ ಅದು ಗೊತ್ತಾಗುವುದಿಲ್ಲ.

ಸಿಪಿಕೆ ಅದನ್ನು ನೋಡುತ್ತದೆ. ಸರಾಸರಿಯಿಂದ ಹತ್ತಿರದ ಮಿತಿಗೆ ಎಷ್ಟು ದೂರ ಅಂತ ಅಳೆದು 3 ಸಿಗ್ಮಾದಿಂದ ಭಾಗಿಸುತ್ತದೆ. ಎರಡು ಕಡೆಯಲ್ಲಿ ಯಾವುದು ಕಮ್ಮಿಯೋ ಅದೇ ಉತ್ತರ.

ಇನ್ನೊಂದು ಮಾತು. ಒಂದು ಮಧ್ಯಾಹ್ನದ 30 ಪೀಸ್ ಅಂದರೆ ಒಂದೇ ಆಪರೇಟರ್, ಒಂದೇ ಇನ್ಸರ್ಟ್ (ಕತ್ತರಿಸುವ ತುದಿ), ಬೆಚ್ಚಗಿರುವ ಮಷಿನ್. ಅದು ನಿಮ್ಮ ಮಷಿನ್‌ನ ಒಳ್ಳೆಯ ಮೂಡು. 2000 ಪೀಸ್ ಅಂದರೆ ಎಷ್ಟೋ ದಿನಗಳ ಬೆಳಿಗ್ಗೆ, ಸಂಜೆ, ಇನ್ಸರ್ಟ್ ಬದಲು, ಕರೆಂಟ್ ಹೋಗಿದ್ದು, ಬಂದದ್ದು ಎಲ್ಲ. ಗ್ರಾಹಕರ ಕೈಗೆ ಹೋಗುವುದು ಈ ಎರಡನೆಯದು.

ಪೊನ್ನಂಪೇಟೆ ಮೆಕ್

ನಾನು ಮೆಕ್ಯಾನಿಕಲ್ ಕೊನೆಯ ವರ್ಷ. ಪಾಠದಲ್ಲಿ ಓದಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಸಿಪಿ, ಸಿಪಿಕೆ ಲೆಕ್ಕಕ್ಕೆ ಬಳಸುವ ಸಿಗ್ಮಾ ಗುಂಪಿನ ಒಳಗಿನದು. 5 ಪೀಸ್‌ಗಳ ಗುಂಪು ಮಾಡಿ, ಪ್ರತಿ ಗುಂಪಿನ ದೊಡ್ಡದು ಮತ್ತು ಸಣ್ಣದರ ವ್ಯತ್ಯಾಸ ತೆಗೆದು, ಅವುಗಳ ಸರಾಸರಿಯನ್ನು, 5ರ ಗುಂಪಿಗೆ ಕೋಷ್ಟಕದಲ್ಲಿರುವ 2.326ರಿಂದ ಭಾಗಿಸಬೇಕು. ಪಿಪಿ, ಪಿಪಿಕೆ ಲೆಕ್ಕದಲ್ಲಿ ಎಲ್ಲ ಪೀಸ್‌ಗಳನ್ನೂ ಒಂದೇ ರಾಶಿಗೆ ಹಾಕಿ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯುತ್ತೇವೆ. ಸೂತ್ರದ ಆಕಾರ ಅದೇ, ಸಿಗ್ಮಾ ಮಾತ್ರ ಬೇರೆ.

ಒಂದು ಡೌಟು. ಸಿಕ್ಸ್ ಸಿಗ್ಮಾ ಅನ್ನುವ ಗುಣಮಟ್ಟದ ಪದ್ಧತಿ ಅಂದರೆ ಸಿಪಿಕೆ 2 ಅಲ್ವಾ?

ನಿವೃತ್ತ ಕ್ಯೂಸಿ, ಮಡಿಕೇರಿ

ಸಿಪಿ 2. ಮೊಟೊರೋಲಾದವರು 1986ರ ಹೊತ್ತಿಗೆ ಅದನ್ನು ಶುರು ಮಾಡಿದಾಗ, ಕಾಲ ಹೋದಂತೆ ಸರಾಸರಿ 1.5 ಸಿಗ್ಮಾ ಜಾರುತ್ತದೆ ಅಂತ ಲೆಕ್ಕಕ್ಕೆ ಸೇರಿಸಿಕೊಂಡರು. ಜಾರಿದ ಮೇಲೆ ಉಳಿಯುವ ಸಿಪಿಕೆ 1.5. ಹತ್ತು ಲಕ್ಷಕ್ಕೆ 3.4 ದೋಷ ಅನ್ನುವ ಮಾತು ಬಂದದ್ದು ಅಲ್ಲಿಂದ. ಆ 1.5 ಎಲ್ಲರ ಮಷಿನ್‌ಗೂ ಹೇಗೆ ಹೊಂದುತ್ತದೆ ಅಂತ ನನಗೆ ಯಾರೂ ಸರಿಯಾಗಿ ಒಪ್ಪಿಸಿಲ್ಲ. ನಿಮ್ಮ ಮಷಿನ್ ಎಷ್ಟು ಜಾರುತ್ತದೆ ಅಂತ ನೀವೇ ಅಳೆಯಿರಿ.

ಖರೀದಿ ಟೇಬಲ್

ನಾನು ಸುಂಟಿಕೊಪ್ಪದವನು, ಕೆಲಸ ಹೊರಗಡೆ, ಸಪ್ಲೈಯರ್‌ಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ. ಟೇಬಲ್‌ನ ಆಚೆ ಬದಿಯ ಮಾತು ಕೇಳಿ.

ಬರೀ ಸಿಪಿ ಕಳಿಸಿದರೆ ನಾವು ಓದುವುದೇ ಇಲ್ಲ. ‘1.33’ ಅಂತ ಮಾತ್ರ ಬರೆದದ್ದು ಗ್ರಾಹಕರ ತಪ್ಪೂ ಹೌದು, ಅದರಲ್ಲಿ ಅನುಮಾನ ಇಲ್ಲ. ವಾಹನ ಉದ್ಯಮದಲ್ಲಿ ಹೊಸ ಭಾಗದ ಮೊದಲ ಅಧ್ಯಯನಕ್ಕೆ 1.67ಕ್ಕಿಂತ ಜಾಸ್ತಿ ಇದ್ದರೆ ಸರಿ, 1.33ರಿಂದ 1.67ರ ನಡುವೆ ಇದ್ದರೆ ಮಾತಾಡೋಣ, 1.33ಕ್ಕಿಂತ ಕಮ್ಮಿ ಇದ್ದರೆ ಆಗಲ್ಲ ಅನ್ನುವ ರೂಢಿ ಇದೆ. ಅಲ್ಲೂ ಮೊದಲು ಕಂಟ್ರೋಲ್ ಚಾರ್ಟ್ (ಗುಂಪುಗಳ ಸರಾಸರಿ ಹೊತ್ತು ಹೊತ್ತಿಗೆ ಹೇಗೆ ಓಡಾಡಿದೆ ಅಂತ ತೋರಿಸುವ ಪಟ) ಕೇಳುತ್ತಾರೆ.

ಮತ್ತೆ 30 ಪೀಸ್ ಅಂದಿರಿ. 30 ಪೀಸ್‌ನಲ್ಲಿ ಸಿಪಿಕೆ ಸರಿಯಾಗಿ 1.33 ಬಂದರೆ, 95% ಭರವಸೆಯಲ್ಲಿ ನಿಜವಾದ ಬೆಲೆ ಸುಮಾರು 0.97ರಿಂದ 1.69ರ ನಡುವೆ ಎಲ್ಲಾದರೂ ಇರಬಹುದು. 100 ಪೀಸ್ ಆದರೆ 1.13ರಿಂದ 1.53. ಎರಡನೇ ದಶಮಾಂಶಕ್ಕೆ ಜಗಳ ಆಡುವವರು ಇದನ್ನು ಒಮ್ಮೆ ನೋಡಬೇಕು.

ಗೋಣಿಕೊಪ್ಪ ಗ್ಯಾರೇಜ್

ನಾನು ಕಳೆ ಕತ್ತರಿಸುವ ಮಷಿನ್, ಪಂಪ್‌ಸೆಟ್ ರಿಪೇರಿ ಮಾಡುವವನು. ಶಾಫ್ಟ್ ಬೇರಿಂಗ್‌ಗೆ ಕೂರುತ್ತದೋ ಇಲ್ಲವೋ ಅಂತ ನೋಡಿದರೆ ಸಾಕು. ಗೋ ಗೇಜ್, ನೋ ಗೋ ಗೇಜ್ ಇದೆ. ಮೂರು ಪೀಸ್‌ಗೆ ಇಷ್ಟೊಂದು ಗಣಿತ ಎಂತಕ್ಕೆ?

ಕೂಡ್ಲೂರು ಲೇತ್

ಗೋಣಿಕೊಪ್ಪದವರೇ, ನನಗೂ ಹಾಗೇ ಅನ್ನಿಸುತ್ತಿತ್ತು. ಈಗ 2000 ಪೀಸನ್ನೂ ಗೋ ಗೇಜ್‌ಗೆ ಹಾಕಿ ನೋಡುತ್ತಾ ಕೂತಿದ್ದೇನೆ. ಇಬ್ಬರ ಎರಡು ದಿನದ ಕೂಲಿ. ಅದಕ್ಕಿಂತ ಗಣಿತ ಅಗ್ಗ!

ಕ್ಯೂಸಿಯವರ ಮಾತು ಕೇಳಿ ನಾಲ್ಕು ದಿನ ಅಳೆದೆವು. ದಿನಕ್ಕೆ ಐದು ಸಲ, ಪ್ರತಿ ಸಲ ಸಾಲಾಗಿ ಬಂದ 5 ಪೀಸ್. ಒಟ್ಟು 100. 25.000ನ್ನು ಸೊನ್ನೆ ಅಂತ ಇಟ್ಟುಕೊಂಡರೆ ಸರಾಸರಿ ಮೈನಸ್ 12.5 ಮೈಕ್ರಾನ್. ಗುಂಪಿನೊಳಗಿನ ವ್ಯತ್ಯಾಸದ ಸರಾಸರಿ 7 ಮೈಕ್ರಾನ್. ನೂರನ್ನೂ ಸೇರಿಸಿ ತೆಗೆದ ಸ್ಟ್ಯಾಂಡರ್ಡ್ ಡೀವಿಯೇಷನ್ 4.2.

ಪೊನ್ನಂಪೇಟೆ ಮೆಕ್

ಲೆಕ್ಕ ನಾನು ಹಾಕಿದೆ.

ಗುಂಪಿನೊಳಗಿನ ಸಿಗ್ಮಾ: 7 ÷ 2.326 = 3.01.
ಸಿಪಿ: 33 ÷ 18.06 = 1.83.
ಸಿಪಿಕೆ: ಹತ್ತಿರದ ಮಿತಿ ಮೇಲಿನದು, ದೂರ 12.5. 12.5 ÷ 9.03 = 1.38.
ಪಿಪಿ: 33 ÷ 25.2 = 1.31.
ಪಿಪಿಕೆ: 12.5 ÷ 12.6 = 0.99.

ಒಂದೇ ಡೇಟಾ, ನಾಲ್ಕು ಉತ್ತರ. ಮೊದಲ ಎರಡು ಪಾಸ್, ಕೊನೆಯ ಎರಡು ಫೇಲ್!

ನಿವೃತ್ತ ಕ್ಯೂಸಿ, ಮಡಿಕೇರಿ

ಈ ನಾಲ್ಕರಲ್ಲಿ ಚಂದದ್ದನ್ನು ಆರಿಸಿ ಕಳಿಸುವವರನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಹಾಗೆ ಮಾಡಬೇಡಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅವುಗಳ ನಡುವಿನ ಕಂದಕ ನೋಡಿ. ಕೆಲಸಕ್ಕೆ ಬರುವ ವಿಷಯ ಇರುವುದು ಆ ಕಂದಕದಲ್ಲೇ.

ಸಿಪಿ 1.83ರಿಂದ ಸಿಪಿಕೆ 1.38ಕ್ಕೆ ಬಿದ್ದದ್ದು ಯಾಕೆ? ಸರಾಸರಿ ನಡುವೆ ಇಲ್ಲ. ನಡು ಅಂದರೆ ಮೈನಸ್ 16.5. ನೀವು 4 ಮೈಕ್ರಾನ್ ದಪ್ಪದ ಕಡೆ ಕೂತಿದ್ದೀರಿ. ಇದು ಆಫ್‌ಸೆಟ್ (ಮಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಒತ್ತಿದರೆ ಸರಿಹೋಗುವ ರೋಗ.

ಸಿಪಿಕೆ 1.38ರಿಂದ ಪಿಪಿಕೆ 0.99ಕ್ಕೆ ಬಿದ್ದದ್ದು ಯಾಕೆ? ಗುಂಪಿನೊಳಗೆ ಎಲ್ಲ ಶಾಂತ, ಗುಂಪಿಂದ ಗುಂಪಿಗೆ ಸರಾಸರಿ ಓಡಾಡುತ್ತಿದೆ. ಇದು ಆಫ್‌ಸೆಟ್‌ಗೆ ಬಗ್ಗುವ ರೋಗ ಅಲ್ಲ.

ಪಿಪಿಕೆ 0.99 ಅಂದರೆ ಮೇಲಿನ ಮಿತಿ ದಾಟುವವು ಸಾವಿರಕ್ಕೆ ಒಂದೂವರೆ. 2000ಕ್ಕೆ 3. ನಿಮ್ಮ ಗ್ರಾಹಕರು ಎಷ್ಟು ಹಿಡಿದರು? ಇಷ್ಟು ಸರಿಯಾಗಿ ಹೊಂದಿದ್ದು ಸ್ವಲ್ಪ ಕಾಕತಾಳೀಯ, 2 ಅಥವಾ 5 ಬಂದಿದ್ದರೂ ನಾನು ಆಶ್ಚರ್ಯ ಪಡುತ್ತಿರಲಿಲ್ಲ.

ಈಗ ಕಂಟ್ರೋಲ್ ಚಾರ್ಟ್ ಹಾಕಿ. 1924ರಲ್ಲಿ ಅಮೆರಿಕದ ಶ್ಯೂಹಾರ್ಟ್ ಒಂದು ಪುಟದಲ್ಲಿ ಗೀಚಿ ಕೊಟ್ಟ ಉಪಾಯ, ಇವತ್ತಿಗೂ ಅದೇ ಅನ್ನ ಹಾಕುತ್ತದೆ. 5ರ ಗುಂಪಿಗೆ ಸರಾಸರಿಯ ಮಿತಿ 0.577 (ಇದೂ ಕೋಷ್ಟಕದ ಅಂಕಿ) × 7, ಅಂದರೆ ಆಚೆ ಈಚೆ 4 ಮೈಕ್ರಾನ್. ಮೈನಸ್ 8.5ರಿಂದ ಮೈನಸ್ 16.5. ಎಷ್ಟು ಬಿಂದು ಹೊರಗಿವೆ, ಯಾವ ಹೊತ್ತಿನವು, ಹೇಳಿ.

ಕೂಡ್ಲೂರು ಲೇತ್

20ರಲ್ಲಿ 4 ಹೊರಗೆ. ನಾಲ್ಕೂ ಮೇಲ್ಗಡೆ, ಮೈನಸ್ 6, ಮೈನಸ್ 7ರ ಹತ್ತಿರ. ಮೂರು ಬೆಳಿಗ್ಗೆ ಏಳೂವರೆಯ ಮೊದಲ ಗುಂಪು. ನಾಲ್ಕನೆಯದು ಮಂಗಳವಾರ ಕರೆಂಟ್ ಹೋಗಿ ಎರಡು ಗಂಟೆ ಬಿಟ್ಟು ಬಂದ ಮೇಲಿನದು.

ದಪ್ಪದ ಕಡೆ ಕೂತದ್ದಕ್ಕೆ ಕಾರಣ ಗೊತ್ತಾಯಿತು. ನಮ್ಮ ಆಪರೇಟರ್‌ನನ್ನೇ ಕೇಳಿದೆ. ‘ದಪ್ಪ ಇದ್ದರೆ ಇನ್ನೊಂದು ಕಟ್ ಹೊಡೆಯಬಹುದು ಅಣ್ಣ, ಸಣ್ಣ ಆದರೆ ಗುಜರಿ’ ಅಂದ. ನನಗೆ ನಷ್ಟ ಆಗದಿರಲಿ ಅಂತ ಮಾಡಿದ್ದು. ಬೈಯಲು ಬಾಯಿ ಬರಲಿಲ್ಲ.

ನಿವೃತ್ತ ಕ್ಯೂಸಿ, ಮಡಿಕೇರಿ

ಎಲ್ಲ ಟರ್ನರ್‌ಗಳೂ ಹಾಗೇ. ಒಂದೊಂದೇ ಪೀಸ್ ಮಾಡುವಾಗ ಅದು ಜಾಣತನ. ಲಾಟ್ ಹೊಡೆಯುವಾಗ ಅದೇ ಮುಳುವು, ಯಾಕೆಂದರೆ ಯಾರೂ ನಿಂತು ಎರಡನೇ ಕಟ್ ಹೊಡೆಯುವುದಿಲ್ಲ. ಇನ್ನೊಂದು ವಿಷಯ, ಇನ್ಸರ್ಟ್ ಸವೆದಂತೆ ಹೊರವ್ಯಾಸ ದಪ್ಪವಾಗುತ್ತಾ ಹೋಗುತ್ತದೆ. ಅಂದರೆ ಶುರುವಿನಲ್ಲಿ ನಡುವಿಗಿಂತ ಒಂದೆರಡು ಮೈಕ್ರಾನ್ ಕೆಳಗೇ ಇಡಬೇಕು. ಆತ ತದ್ವಿರುದ್ಧ ಮಾಡಿದ್ದಾನೆ.

ಈಗ ಬೆಳಗಿನ ಕಥೆಗೆ ಬನ್ನಿ. ಜನವರಿ, ಏಳೂವರೆ. ಮೈಕ್ರೋಮೀಟರ್ ರಾತ್ರಿಯೆಲ್ಲ ಎಲ್ಲಿತ್ತು?

ಕೂಡ್ಲೂರು ಲೇತ್

ಕಬ್ಬಿಣದ ಟೂಲ್ ಬಾಕ್ಸ್‌ನಲ್ಲಿ. ಬೆಳಿಗ್ಗೆ ಮುಟ್ಟಿದರೆ ಬಾವಿ ನೀರು ಮುಟ್ಟಿದ ಹಾಗೆ.

ಪೊನ್ನಂಪೇಟೆ ಮೆಕ್

ಹಾಗಾದರೆ ಇದು ಉಷ್ಣ ವಿಸ್ತರಣೆ! ಉಕ್ಕು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿಮೀಗೆ ಡಿಗ್ರಿಗೆ 0.29. ಬೆಳಿಗ್ಗೆ 15, ಮಧ್ಯಾಹ್ನ 27 ಅಂದರೆ 12 ಡಿಗ್ರಿಗೆ ಮೂರೂವರೆ ಮೈಕ್ರಾನ್.

ಖರೀದಿ ಟೇಬಲ್

ನಿಧಾನ. ಶಾಫ್ಟೂ ಉಕ್ಕು, ಮೈಕ್ರೋಮೀಟರೂ ಉಕ್ಕು. ಎರಡೂ ಒಂದೇ ಉಷ್ಣತೆಯಲ್ಲಿದ್ದರೆ ಎರಡೂ ಸಮವಾಗಿ ಕುಗ್ಗುತ್ತವೆ, ಓದಿದ ಅಳತೆ ಹೆಚ್ಚು ಕಮ್ಮಿ ಅದೇ ಬರುತ್ತದೆ. ತೊಂದರೆ ಆಗುವುದು ಎರಡರ ಉಷ್ಣತೆ ಬೇರೆ ಇದ್ದಾಗ. ಕಟ್ಟಿಂಗ್ ಮುಗಿಸಿ ಬಂದ ಬಿಸಿ ಶಾಫ್ಟ್, ತಣ್ಣನೆ ಮೈಕ್ರೋಮೀಟರ್. ಅಳತೆಯ ಆಧಾರ ಉಷ್ಣತೆ 20 ಡಿಗ್ರಿ ಅಂತ ಜಗತ್ತೆಲ್ಲ ಒಪ್ಪಿದ್ದು ಇದಕ್ಕೇ.

ಒಂದು ಪರೀಕ್ಷೆ ಮಾಡಿ. ಬೆಳಗಿನ ಮೊದಲ ಐದು ಶಾಫ್ಟ್‌ಗಳನ್ನು ಬಂದ ಕೂಡಲೇ ಅಳೆಯಿರಿ. ಆಮೇಲೆ ಶಾಫ್ಟ್ ಮತ್ತು ಮೈಕ್ರೋಮೀಟರ್ ಎರಡನ್ನೂ ಒಂದೇ ಕಲ್ಲಿನ ಮೇಲೆ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಕ್ಯೂರಿಂಗ್ ಕಣ

ಮಧ್ಯದಲ್ಲಿ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಕಾಫಿ ಕ್ಯೂರಿಂಗ್‌ನಲ್ಲಿ ಇರುವವನು. ಇದನ್ನೆಲ್ಲ ಓದಿ ಆಸೆಯಾಯಿತು. ನಮಗೂ ತೇವಾಂಶಕ್ಕೆ ಮಿತಿ ಉಂಟಲ್ಲ. ಅರೇಬಿಕಾ ಪಾರ್ಚ್‌ಮೆಂಟನ್ನು (ಹೊರ ತೊಗಟೆ ತೆಗೆದ ಬೀಜವನ್ನು) 10%ಗೆ ಒಣಗಿಸು ಅನ್ನುತ್ತಾರೆ. ರಫ್ತಿಗೆ ಅಂತರರಾಷ್ಟ್ರೀಯ ಕಾಫಿ ಸಂಘಟನೆಯ 420ನೇ ನಿರ್ಣಯ 8ರಿಂದ 12.5%ರ ಒಳಗೆ ಇರಲಿ ಅನ್ನುತ್ತದೆ. ಕಣದಿಂದ ಬರುವ ಚೀಲಗಳಿಗೆ ಸಿಪಿಕೆ ಹಾಕಬಹುದಾ?

ನಿವೃತ್ತ ಕ್ಯೂಸಿ, ಮಡಿಕೇರಿ

ಸೂತ್ರಕ್ಕೆ ಏನು ಹಾಕಿದರೂ ಉತ್ತರ ಕೊಡುತ್ತದೆ, ಅದಕ್ಕೆ ನಾಚಿಕೆ ಇಲ್ಲ. ಆದರೆ ಕಣದ ಕಾಫಿ ಇವತ್ತು ಬಿಸಿಲು, ನಾಳೆ ಮೋಡ, ನಾಡಿದ್ದು ಅಕಾಲ ಮಳೆಗೆ ಟಾರ್ಪಾಲು. ಸ್ಥಿರ ಅಲ್ಲದ ಕೆಲಸಕ್ಕೆ ಸಿಪಿಕೆ ಭವಿಷ್ಯ ಹೇಳುವುದಿಲ್ಲ. ಪಿಪಿಕೆ ಹಾಕಿದರೆ ‘ಹೋದ ತಿಂಗಳು ಹೀಗಿತ್ತು’ ಅನ್ನುವ ವರದಿ ಸಿಗುತ್ತದೆ, ಅಷ್ಟಕ್ಕೆ ಬಳಸಿ. ನಿಮ್ಮಲ್ಲಿ ಮೆಕ್ಯಾನಿಕಲ್ ಡ್ರೈಯರ್ ಇದ್ದರೆ ಅದಕ್ಕೆ ಸಿಪಿಕೆ ಹಾಕಿ, ಅರ್ಥ ಇದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಮಜಾ ಇದೆ. 8.5% ಇದ್ದರೂ ಪಾಸ್. ಆದರೆ ಅತಿಯಾಗಿ ಒಣಗಿದರೆ ಬೀಜ ಒಡೆಯುತ್ತದೆ, ತೂಕವೂ ಹೋಗುತ್ತದೆ. ಅಂದರೆ ಮಿತಿಯೊಳಗೇ ಇದ್ದು ದುಡ್ಡು ಕಳೆದುಕೊಳ್ಳಬಹುದು. ಅದನ್ನು ಸಿಪಿಕೆ ಸರಿಯಾಗಿ ಹಿಡಿಯುವುದಿಲ್ಲ. ಸಿಪಿಎಂ ಹಿಡಿಯುತ್ತದೆ.

ಪೊನ್ನಂಪೇಟೆ ಮೆಕ್

ಸಿಪಿಎಂ ನಮಗೆ ಪಾಠದಲ್ಲಿ ಒಂದೇ ಸಾಲು ಇತ್ತು. ಸಿಗ್ಮಾದ ವರ್ಗಕ್ಕೆ, ಗುರಿಯಿಂದ ಸರಾಸರಿ ಎಷ್ಟು ದೂರ ಅನ್ನುವುದರ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಅದನ್ನು ಸಿಗ್ಮಾದ ಜಾಗದಲ್ಲಿ ಹಾಕುವುದು ಅಲ್ವಾ? ಶಾಫ್ಟ್‌ಗೆ ಅದರಿಂದ ಏನು ಉಪಯೋಗ?

ನಿವೃತ್ತ ಕ್ಯೂಸಿ, ಮಡಿಕೇರಿ

ಅದೇ. ಮಿತಿಯೊಳಗಿದ್ದರೂ ಗುರಿ ತಪ್ಪಿದಷ್ಟೂ ನಷ್ಟ ಅನ್ನುವ ಟಾಗುಚಿಯ ಯೋಚನೆಯಿಂದ ಬಂದದ್ದು. ಶಾಫ್ಟ್‌ಗೇ ಹೇಳುತ್ತೇನೆ. ಒಬ್ಬ ತುಂಬಾ ಹುಷಾರಿನ ಟರ್ನರ್, ಸಿಗ್ಮಾ 2.06 ಮಾತ್ರ, ಆದರೆ ಸರಾಸರಿ ಮೈನಸ್ 8.25ರಲ್ಲಿ ಇಟ್ಟಿದ್ದಾನೆ. ಸಿಪಿಕೆ ಲೆಕ್ಕ ಹಾಕಿ: 1.33. ಪಾಸ್! ಸಿಪಿಎಂ ಲೆಕ್ಕ ಹಾಕಿ: 0.65. ಪ್ರತಿ ಶಾಫ್ಟೂ ದಪ್ಪದ ಕಡೆ. ಒಂದೂ ತಿರಸ್ಕಾರ ಆಗುವುದಿಲ್ಲ, ಆದರೆ ಜೋಡಿಸುವವನ ಕೈಗೆ ದಿನವಿಡೀ ಬಿಗಿ ಬಿಗಿ. ತೂತಿನವರೂ ಹೀಗೇ ತಮ್ಮ ಕಡೆ ಸಣ್ಣದರಲ್ಲೇ ಕೂತಿದ್ದರೆ ಮುಗಿಯಿತು.

ಗ್ರಾಹಕರಿಗೆ ಅದನ್ನು ಕಳಿಸಬೇಡಿ, ಕೇಳಿಲ್ಲ. ನಿಮ್ಮ ಗೋಡೆಗೆ ಬರೆದುಕೊಳ್ಳಿ.

ಕೂಡ್ಲೂರು ಲೇತ್

ಪರೀಕ್ಷೆ ಮಾಡಿದೆ. ನಿನ್ನೆ ಬೆಳಿಗ್ಗೆ ಮಂಜು ಎಷ್ಟಿತ್ತು ಅಂದರೆ ಶೆಡ್ ಬಾಗಿಲಿನಿಂದ ರಸ್ತೆ ಕಾಣುತ್ತಿರಲಿಲ್ಲ. ಮೊದಲ ಐದು ಶಾಫ್ಟ್ ಬಂದ ಕೂಡಲೇ ಕೂಲೆಂಟ್ ಒರೆಸಿ ಅಳೆದೆ. ಕೈಗೆ ಉಗುರು ಬೆಚ್ಚಗೆ. ಸರಾಸರಿ ಮೈನಸ್ 6.5. ಐದನ್ನೂ ಕಡಪ ಕಲ್ಲಿನ ಮೇಲೆ ಸಾಲಾಗಿ ಮಲಗಿಸಿ, ಪಕ್ಕದಲ್ಲೇ ಮೈಕ್ರೋಮೀಟರ್ ಇಟ್ಟು, ಕಾಫಿ ಕುಡಿದು, ಕರೆಂಟ್ ಬಿಲ್ ಕಟ್ಟಿ ಬಂದೆ. ಒಂದು ಗಂಟೆ ಆಗಿತ್ತು. ಮತ್ತೆ ಅಳೆದರೆ ಮೈನಸ್ 8.5.

ಅಂದರೆ ಬೆಳಗಿನ 6 ಮೈಕ್ರಾನ್ ಏರಿಕೆಯಲ್ಲಿ 2 ಅಳತೆಯದು, ಉಳಿದ 4 ನಿಜವಾಗಿ ಮಷಿನ್‌ದೇ. ಬಾಲ್ ಸ್ಕ್ರೂ, ಸ್ಪಿಂಡಲ್ ಬೆಚ್ಚಗಾಗುವ ತನಕ ದಪ್ಪ ಹೊಡೆಯುತ್ತಿದೆ.

ಜೊತೆಗೆ ಗೇಜ್ ಸ್ಟಡಿಯೂ (ಅಳೆಯುವುದರಲ್ಲೇ ಎಷ್ಟು ಏರುಪೇರು ಅನ್ನುವ ಪರೀಕ್ಷೆ) ಮಾಡಿದೆವು. ಇಬ್ಬರು, 10 ಪೀಸ್, ಮೂರು ಸಲ. ಟಾಲರೆನ್ಸ್‌ನ 15% ಅಳತೆಯಲ್ಲೇ ಹೋಗುತ್ತಿದೆ.

ಖರೀದಿ ಟೇಬಲ್

10%ರ ಒಳಗಿದ್ದರೆ ಒಳ್ಳೆಯದು, 30% ದಾಟಿದರೆ ಬೇಡವೇ ಬೇಡ. ನಿಮ್ಮದು ನಡುವೆ. ಸದ್ಯಕ್ಕೆ ನಡೆಯುತ್ತದೆ. ಮೈಕ್ರೋಮೀಟರನ್ನು ಮುಷ್ಟಿಯಲ್ಲಿ ಹಿಡಿಯುವ ಬದಲು ಸ್ಟ್ಯಾಂಡ್‌ಗೆ ಕೂರಿಸಿ, ಇನ್ನೂ ಇಳಿಯುತ್ತದೆ.

ಗೋಣಿಕೊಪ್ಪ ಗ್ಯಾರೇಜ್

ನಾನು ಹಂಗಿಸಿ ಬರೆದಿದ್ದೆ, ಈಗ ನನ್ನ ಮೈಕ್ರೋಮೀಟರ್ ಎಲ್ಲಿಟ್ಟಿದ್ದೇನೆ ಅಂತ ನೋಡಲು ಎದ್ದು ಹೋದೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲಿತ್ತು, ಬಿಸಿಲಲ್ಲಿ.

ಕೂಡ್ಲೂರು ಲೇತ್

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮಾಡಿದ್ದು ಇಷ್ಟು. ಬೆಳಿಗ್ಗೆ ಮತ್ತು ಕರೆಂಟ್ ಹೋಗಿ ಬಂದಾಗ ಅರ್ಧ ಗಂಟೆ ಮಷಿನ್ ಖಾಲಿ ಓಡಿಸುತ್ತೇವೆ, ಪೀಸ್ ಹಾಕಿದರೂ ಅದು ಲಾಟ್‌ಗೆ ಸೇರುವುದಿಲ್ಲ. ಗುರಿ ಮೈನಸ್ 18ಕ್ಕೆ ಇಟ್ಟು ಶುರು, ಚಾರ್ಟ್ ಮೇಲಕ್ಕೆ ಹತ್ತಿದರೆ ಮಾತ್ರ ಆಫ್‌ಸೆಟ್. ಮೊದಲು ಆಪರೇಟರ್ ಪ್ರತಿ ಪೀಸ್ ನೋಡಿ ಒಂದೊಂದು ಮೈಕ್ರಾನ್ ಒತ್ತುತ್ತಿದ್ದ, ಅದನ್ನು ನಿಲ್ಲಿಸಿದೆವು. ಅಳತೆ ಕಲ್ಲಿನ ಮೇಲೆ ಆರಿದ ಮೇಲೆಯೇ.

ಹೊಸದಾಗಿ 25 ಗುಂಪು, 125 ಪೀಸ್. ಸರಾಸರಿ ಮೈನಸ್ 16. ಗುಂಪಿನೊಳಗಿನ ವ್ಯತ್ಯಾಸ 6.8. ಒಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ 3.4. ಯಾವ ಬಿಂದುವೂ ಹೊರಗಿಲ್ಲ.

ಪೊನ್ನಂಪೇಟೆ ಮೆಕ್

ಸಿಪಿ 1.88, ಸಿಪಿಕೆ 1.82, ಪಿಪಿಕೆ 1.57. ಪಿಪಿಕೆಯ 95% ವ್ಯಾಪ್ತಿಯನ್ನೂ ತೆಗೆದೆ, ಸುಮಾರು 1.37ರಿಂದ 1.77. ಕೆಳಗಿನ ತುದಿಯೂ 1.33ಕ್ಕಿಂತ ಮೇಲೆ!

ಗಮನಿಸಿದ್ರಾ? ಸಿಪಿ 1.83ರಿಂದ 1.88, ಹೆಚ್ಚು ಕಮ್ಮಿ ಅಲ್ಲೇ ಇದೆ. ಪಿಪಿಕೆ ಮಾತ್ರ 0.99ರಿಂದ 1.57ಕ್ಕೆ ಹಾರಿದೆ.

ನಿವೃತ್ತ ಕ್ಯೂಸಿ, ಮಡಿಕೇರಿ

ಮಷಿನ್ ಮೊದಲಿಂದಲೂ ಒಳ್ಳೆಯದೇ ಇತ್ತು. ಹೊಸ ಲೇತ್‌ಗೆ ಸಾಲ ಮಾಡಲು ಹೊರಟಿದ್ದೀರೇನೋ ಅಂತ ನನಗೆ ಅನುಮಾನ ಇತ್ತು. ಕಳಿಸುವಾಗ ಪಿಪಿಕೆ ಮೊದಲು ಬರೆಯಿರಿ, ಪಕ್ಕದಲ್ಲಿ ಸಿಪಿಕೆ, ಕೆಳಗೆ ಚಾರ್ಟ್, ಎಷ್ಟು ಪೀಸ್, ಯಾವ ದಿನಗಳು. ಮುಂದಿನ ಆರ್ಡರ್‌ನಲ್ಲಿ ಯಾವ ಇಂಡೆಕ್ಸ್ ಅಂತ ಅವರಿಂದಲೇ ಬರೆಸಿಕೊಳ್ಳಿ.

ಕೂಡ್ಲೂರು ಲೇತ್

ಕಳಿಸಿದೆ, ಒಪ್ಪಿದರು. ಸಾಲದ ಅರ್ಜಿ ನಿಜವಾಗಿಯೂ ಮೇಜಿನ ಮೇಲೆ ಇತ್ತು, ಹೇಗೆ ಗೊತ್ತಾಯಿತೋ.

ಆದರೆ ಇವತ್ತು ಹೊಸ ಮೇಲ್. ಅದೇ ಶಾಫ್ಟ್‌ನ ರನ್‌ಔಟ್‌ಗೂ ಸಿಪಿಕೆ ಬೇಕಂತೆ. ಶಾಫ್ಟ್ ತಿರುಗುವಾಗ ಎಷ್ಟು ಓಲಾಡುತ್ತದೆ ಅನ್ನುವುದು ಅದು. ಮಿತಿ 20 ಮೈಕ್ರಾನ್. ಕೆಳಗಿನ ಮಿತಿ ಸೊನ್ನೆ ಅಂತ ಇಟ್ಟು ಲೆಕ್ಕ ಹಾಕಿದರೆ ನಂಬರ್ ತೀರಾ ಕೆಟ್ಟದಾಗಿ ಬರುತ್ತಿದೆ.

ನಿವೃತ್ತ ಕ್ಯೂಸಿ, ಮಡಿಕೇರಿ

ಸೊನ್ನೆ ಮಿತಿ ಅಲ್ಲ ಮಾರಾಯ್ರೆ, ಅದು ಸ್ವರ್ಗ. ಸೊನ್ನೆಯನ್ನು ಕೆಳಮಿತಿ ಮಾಡಿದರೆ ಶಾಫ್ಟ್ ಚೆನ್ನಾದಷ್ಟೂ ಸಿಪಿಕೆ ಕುಸಿಯುತ್ತದೆ. ಒಂದೇ ಕಡೆಯ ಮಿತಿ, ಹಾಗಾಗಿ ಸಿಪಿ ಅನ್ನುವುದೇ ಇಲ್ಲ, ಮೇಲಿನ ಕಡೆಯದು ಮಾತ್ರ. ಮತ್ತೆ ರನ್‌ಔಟ್‌ನ ಡೇಟಾ ಗಂಟೆಯಾಕಾರ ಇರುವುದಿಲ್ಲ, ಎಡಕ್ಕೆ ಗುಡ್ಡೆ, ಬಲಕ್ಕೆ ಬಾಲ. 3 ಸಿಗ್ಮಾದ ಬದಲು ಮಧ್ಯಾಂಕದಿಂದ 99.865ನೇ ಪರ್ಸೆಂಟೈಲ್ (ನೂರಕ್ಕೆ 99.865 ಪೀಸ್ ಕೆಳಗಿರುವ ಅಳತೆ) ತನಕದ ದೂರ ತೆಗೆದುಕೊಳ್ಳಿ, ಮಧ್ಯಾಂಕದಿಂದ ಮಿತಿಗೆ ಇರುವ ದೂರವನ್ನು ಅದರಿಂದ ಭಾಗಿಸಿ. ಆ ಪರ್ಸೆಂಟೈಲ್ 125 ಪೀಸ್‌ನಿಂದ ನೇರ ಸಿಗುವುದಿಲ್ಲ, ಡೇಟಾಗೆ ಹೊಂದುವ ವಕ್ರರೇಖೆ ಹಾಕಿ ತೆಗೆಯಬೇಕು. ಅಳೆದು ಇಲ್ಲಿ ಹಾಕಿ, ಪೊನ್ನಂಪೇಟೆಯವರ ಕೈಯಲ್ಲಿ ಮಾಡಿಸೋಣ.

ಪೊನ್ನಂಪೇಟೆ ಮೆಕ್

ಪರೀಕ್ಷೆ ಇದೆ ಸರ್… ಸರಿ, ಭಾನುವಾರ.

ಕೂಡ್ಲೂರು ಲೇತ್

ವಿ ಬ್ಲಾಕ್ ಮತ್ತು ಡಯಲ್ ಈಗಲೇ ಕಲ್ಲಿನ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಕರೆಂಟ್ ಇದ್ದರೆ ಹನ್ನೊಂದಕ್ಕೆ ಶುರು ಮಾಡುತ್ತೇನೆ.